ನೀಲಗಿರಿ ದಿಮ್ಮಿಗೆ ಅಣಬಿ ಬೀಜ ಹಾಕಿ ಮೂರ್ ತಿಂಗಳಾತು, ಹಸರ ಬೂಷ್ಟ ಬಿಟ್ರ ಏನೂ ಇಲ್ಲ

ಖಾನಾಪುರ_ತ್ವಾಟ: ತಲಿ ಕೆಟ್ಟ್ ಹೋಗೇತ್ರಿ. ನೀಲಗಿರಿ ಕಡಿಸಿದಾಗ ಯಾಪಾರಿ ದಪ್ಪನ್ವಷ್ಟ ಒಯ್ದ, ಸಣ್ಣ ದಿಮ್ಮಿ, ಬೊಡ್ಡಿ ಎಲ್ಲಾ ಅಲ್ಲೇ ಬಿದ್ದಾವು. ಸುಡೂದ ಬ್ಯಾಡ, ಚಿಪ್ಪಣಬಿ ಹಚ್ಚಿದ್ರ ಕಟಗಿ ತಿಂದ್ ಮಣ್ಣ ಮಾಡ್ತೈತಿ, ಪಲ್ಯಾಕೂ ಆಕ್ಕಾವು ಅಂತ ಜೂನ್‌ದಾಗ 40 ದಿಮ್ಮಿಗೆ ತೂತ ಹಾಕಿ ಬೀಜ ತುಂಬಿ ಮ್ಯಾಣ ಹಚ್ಚೀನಿ, ಎಲ್ಲಾ ಬರೋಬ್ಬರಿ ಮಾಡೀನಿ. ಈಗ ನೋಡಿದ್ರ ಬರೇ ಹಸರ ಬೂಷ್ಟ, ಅರ್ಧಾ ತೂತ ಖಾಲಿ. ಏನ್ ತಪ್ಪಾತು?

ಅಣಬಿ_ಕಾಕಾ: ನೀರ ಕಡಿಮಿ. ಒಂದ್ ದಿನಾ ಪೂರಾ ನೀರಾಗ ಮುಳಗಿಸಿ ಇಡ್ರಿ.

ಖಾನಾಪುರ_ತ್ವಾಟ: ಕಾಕಾ, ನಮ್ಮ ಕಡೆ ಜುಲೈದಾಗ ಮಳಿ ಹೊರಗ ಕಾಲ ಇಡಾಕ ಬಿಡೂದಿಲ್ಲ.

ಅಣಬಿ_ಕಾಕಾ: ಮ್ಯಾಲ ತೊಯ್ದಿರತೈತಿ, ಒಳಗ ಒಣಾ. ನೀರ ಕಡಿಮಿ.

ಜಮಖಂಡಿ_ಹುಡುಗ: ಅಣ್ಣಾ, ಬೀಜ ಜ್ವಾಳದಾಗ ಬೆಳಸಿದ್ದೋ ಕಟಗಿ ಹೊಟ್ಟಿನ್ಯಾಗ ಬೆಳಸಿದ್ದೋ? ಗಿಡ ಕಡದಿದ್ದು ಯಾವಾಗ?

ಖಾನಾಪುರ_ತ್ವಾಟ: ಜ್ವಾಳದ್ದು. ಕಡದ್ ಎರಡ್ ವರ್ಷ ಆಗಿರಬೇಕು, ಅದೇನ್ ದೊಡ್ಡ ಮಾತ ಬಿಡು.

ಜಮಖಂಡಿ_ಹುಡುಗ: ಅದ ದೊಡ್ಡ ಮಾತ ಅಣ್ಣಾ! ಎರಡ್ ವರ್ಷದಾಗ ಬ್ಯಾರೆ ಅಣಬಿ ಆ ಕಟಗಿ ಒಳಗ ಮನಿ ಮಾಡಿರತಾವು, ನಿನ್ನ ಬೀಜಕ್ಕ ಜಾಗಾ ಎಲ್ಲೈತಿ. ಯುರೋಪ್‌ದಾಗ ಪೈನ್ ಬೊಡ್ಡಿಗೆ ಫ್ಲೆಬಿಯೋಪ್ಸಿಸ್ ಅನ್ನೂ ಅಣಬಿ ಹಚ್ಚತಾರ, ಅದೂ ಕಡದ ಕೂಡ್ಲೇ, ಬ್ಯಾರೆ ರೋಗದ ಅಣಬಿ ಬಂದ್ ಕುಂದರಬಾರ್ದಂತ. ಹಸರ ಬೂಷ್ಟ ಟ್ರೈಕೋಡರ್ಮಾ ಅನ್ನೂ ಶಿಲೀಂಧ್ರ ಇರಬೇಕು. ಖಾಲಿ ತೂತ ಇರಿವಿ, ಇಲಿ ಕೆಲಸ, ಜ್ವಾಳ ಅಂದ್ರ ಬಿಡ್ತಾವೇನು. ಮತ್ತ ಚಿಪ್ಪಣಬಿ ಹುಲ್ಲಿನ್ಯಾಗ ಮೂರ್ ವಾರಕ್ಕ ಹರಡ್ತೈತಿ ಖರೆ, ದಿಮ್ಮಿಗೆ ಆರ್ ತಿಂಗಳ ಮ್ಯಾಲ ಬೇಕು.

ತೆಂಗು_ಗೌಡ್ರು: ಇದೆಲ್ಲಾ ಹುಚ್ಚಾಟ. ನಾಳೆ ಬಾಜೂ ತೆಂಗಿಗೆ ಅಣಬಿ ರೋಗ ಬಂದ್ರ ಯಾರ್ ಹೊಣಿ?

ಜಮಖಂಡಿ_ಹುಡುಗ: ಗೌಡ್ರ, ಅದು ಗ್ಯಾನೋಡರ್ಮಾ, ಜೀವಂತ ಗಿಡದ ಬೇರ ಹಿಡಿಯೂದು. ಚಿಪ್ಪಣಬಿ ಬ್ಯಾರೆ.

ತೆಂಗು_ಗೌಡ್ರು: ಎರಡೂ ಕಟಗಿ ತಿಂತಾವಿಲ್ಲೋ?

ಗರಗಸ_ಪ್ರೇಮಿ: ನನ್ ಕಡೆ 22 ಇಂಚ್ ಬಾರ್ ಚೈನ್ಸಾ ಐತ್ರಿ, ಬೊಡ್ಡಿ ಬೆಣ್ಣಿ ಕೊಯ್ದಂಗ ಕೊಯ್ತೈತಿ. ಫೋಟೋ ಹಾಕ್ಲ್ಯಾ?

ವರ್ಲಿ_ಫ್ಯಾನ್: ವರ್ಲಿಗೆ (ಗೆದ್ದಲಿಗೆ) ಬಿಡ್ರಿ, ಪುಕ್ಕಟ ಮಾಡ್ತಾವು.

ಖಾನಾಪುರ_ತ್ವಾಟ: ಚೈನ್ಸಾ ಬ್ಯಾಡೋ ಮಾರಾಯಾ. ಒಂದ್ ಮಾತ ಹೇಳಾಕ ಮರ್ತಿದ್ದೆ, ಬೀಜ ತುಂಬೂ ಮುಂಚೆ ದಿಮ್ಮಿ ತೊಳ್ಯಾಕಂತ ಟಿಕೋಟಾದಿಂದ ಮಾವಾರ ದ್ರಾಕ್ಷಿಗೆ ಔಷಧ ಹೊಡಿಯೂ ಪಂಪ್ ತಂದಿದ್ದೆ, ತಳದಾಗ ಬೋರ್ಡೋ ಉಳದಿತ್ತು, ಇರ್ಲಿ ಹುಳಾನೂ ಸಾಯ್ತಾವು ಅಂತ ಅದರಾಗ ನೀರ್ ಬೆರಸಿ ಹೊಡದೀನಿ. ಅದಕ್ಕೇನ್ ಆಗೂದಿಲ್ಲಲಾ?

ಜಮಖಂಡಿ_ಹುಡುಗ: ಅಣ್ಣಾ!! ಬೋರ್ಡೋ ಅಂದ್ರ ಮೈಲತುತ್ತ ಮತ್ತ ಸುಣ್ಣ, ದ್ರಾಕ್ಷಿಗೆ ಹೊಡಿಯೂದ ಬೂಷ್ಟ ಕೊಲ್ಲಾಕ. ಅದನ್ನ ಹೊಡದ್ ಮ್ಯಾಲ ಬೀಜ ತುಂಬೀಯಾ?

ಖಾನಾಪುರ_ತ್ವಾಟ: 😐

ಅಣಬಿ_ಕಾಕಾ: ಅದಕ್ಕ ಹೇಳಿದ್ದು. ನೀರಾಗ ಮುಳಗಿಸಿದ್ರ ತೊಳದ್ ಹೋಗತಿತ್ತು.