ಪ್ಯಾಡ್‌ ಪ್ಯಾಕೆಟ್ ಮೇಲೆ ಐಎಸ್‌ಐ ಗುರುತಿದ್ರೆ ಸಾಕಲ್ವಾ?

ಪ್ರಶ್ನೆ: ಮೇಡಂ, ನೀವು ಜವಳಿ ಪರೀಕ್ಷೆ ಲ್ಯಾಬ್‌ನಲ್ಲಿ ಇದೀರಿ ಅಂತ ಕೇಳ್ತಿದೀನಿ. ಪ್ಯಾಡ್‌ಗಳಲ್ಲಿ ಥ್ಯಾಲೇಟ್ ಅನ್ನೋ ವಿಷ ಇದೆ ಅಂತ ವಾಟ್ಸ್ಯಾಪ್‌ನಲ್ಲಿ ಓಡಾಡ್ತಿದೆ. ಮಗಳು ಎಂಟನೇ ಕ್ಲಾಸು, ಹೋದ ವರ್ಷ ದೊಡ್ಡವಳಾದಳು. ನಾನು ತರೋ ಪ್ಯಾಕೆಟ್ ಮೇಲೆ ಐಎಸ್‌ಐ ಗುರುತಿದೆ. ಭಯ ಇಲ್ಲ ತಾನೆ?

ಉತ್ತರ: ಆ ಮೆಸೇಜು ಪೂರ್ತಿ ಸುಳ್ಳಲ್ಲ. ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆ 2022ರಲ್ಲಿ 10 ಬಗೆಯ ಪ್ಯಾಡ್ ಪರೀಕ್ಷೆ ಮಾಡಿಸಿತ್ತು. ಎಲ್ಲದರಲ್ಲೂ ಥ್ಯಾಲೇಟ್ ಸಿಕ್ಕಿತು, ‘ಆರ್ಗ್ಯಾನಿಕ್’ ಅಂತ ಬರ್ಕೊಂಡಿದ್ದವೂ ಬಿಟ್ಟಿರಲಿಲ್ಲ. ಪ್ಲಾಸ್ಟಿಕ್ ಮೆತ್ತಗಾಗಲಿ, ಸೆಂಟು ಬೇಗ ಹಾರಿಹೋಗದಿರಲಿ ಅಂತ ಇದನ್ನ ಬಳಸ್ತಾರೆ. ಇವುಗಳಲ್ಲಿ ಕೆಲವು ಹಾರ್ಮೋನುಗಳ ಕೆಲಸ ಕೆಡಿಸುತ್ತವೆ.

ಇನ್ನು ಗುರುತಿನ ವಿಷಯ. ಅದರ ಹಿಂದಿರೋದು ಐಎಸ್ 5405 ಅನ್ನೋ ಮಾನದಂಡ; ಅದರ 1980ರ ಆವೃತ್ತಿ 2019ರಲ್ಲಿ ಪರಿಷ್ಕರಣೆ ಆಯ್ತು. ಪ್ಯಾಡ್‌ನ ನಡುಭಾಗಕ್ಕೆ ಬಣ್ಣದ ದ್ರವವನ್ನ ನಿಮಿಷಕ್ಕೆ 15 ಮಿ.ಲೀ.ನಂತೆ ಬಿಡ್ತೀವಿ. ಹೀರಿಕೊಂಡ ಮೇಲೆ ಅದೇ ಜಾಗದ ಮೇಲೆ 1 ಕಿಲೋ ತೂಕ ಒಂದು ನಿಮಿಷ ಇಟ್ಟು, ತಿರುಗಿಸಿ ಹಿಂದೆ, ಪಕ್ಕದಲ್ಲಿ ಎಲ್ಲಾದ್ರೂ ಒಸರಿದೆಯಾ ನೋಡ್ತೀವಿ. ಪಿಎಚ್, ಅಂದ್ರೆ ಆಮ್ಲ-ಕ್ಷಾರದ ಅಳತೆ, 6ರಿಂದ 8.5ರೊಳಗೆ ಇರಬೇಕು. ಬ್ಯಾಕ್ಟೀರಿಯಾ, ಚರ್ಮದ ಕೆರಳಿಕೆ ಇವೂ ಪರೀಕ್ಷೆ ಆಗುತ್ತವೆ. ಆದರೆ ಥ್ಯಾಲೇಟ್ ಇಂತಿಷ್ಟಕ್ಕಿಂತ ಜಾಸ್ತಿ ಇರಬಾರದು ಅನ್ನೋ ಮಾತೇ 2019ರ ಆ ಮಾನದಂಡದಲ್ಲಿಲ್ಲ. ಇಲ್ಲದ ಮಿತಿಯನ್ನ ನಾವು ಲ್ಯಾಬ್‌ನವರು ಅಳೆಯೋದು ಹೇಗೆ ಹೇಳಿ.

ಗ್ರೂಪಿನ ಇನ್ನೊಬ್ಬ ಸದಸ್ಯೆ: ದೆಹಲಿ ಸಂಸ್ಥೆಯ ಪರೀಕ್ಷೆಲಿ ಥ್ಯಾಲೇಟ್ ಎಷ್ಟು ಸಿಕ್ಕಿತ್ತು ಮೇಡಂ?

ಉತ್ತರ: ಎಲ್ಲ ಥ್ಯಾಲೇಟ್ ಸೇರಿ ಅತಿ ಹೆಚ್ಚು ಅಂದ್ರೆ ಕೆ.ಜಿ.ಗೆ 19,600 ಮೈಕ್ರೋಗ್ರಾಂ. ಓದಿದ್ರೆ ಎದೆ ಧಸಕ್ಕನ್ನುತ್ತೆ, ಆದ್ರೆ ಅದು 19.6 ಮಿಲಿಗ್ರಾಂ ಅಷ್ಟೆ. ಯುರೋಪಿನಲ್ಲಿ ಆಟಿಕೆಗಳಿಗಿರೋ ಮಿತಿ 0.1 ಶೇಕಡಾ, ಅಂದ್ರೆ ಕೆ.ಜಿ.ಗೆ 1,000 ಮಿಲಿಗ್ರಾಂ. ಹಾಗಂತ ನಿಶ್ಚಿಂತೆಯಾಗಿರಿ ಅನ್ನಲಾರೆ. ತೆಳುವಾದ, ಒದ್ದೆಯಾದ ಚರ್ಮಕ್ಕೆ ಗಂಟೆಗಟ್ಟಲೆ ಅಂಟಿಕೊಂಡಿರೋ, ಪ್ರತಿ ತಿಂಗಳೂ, ಮುಟ್ಟು ನಿಲ್ಲೋವರೆಗೂ ಬೇಕಾಗೋ ವಸ್ತುವನ್ನ ಮನಸ್ಸಲ್ಲಿಟ್ಟು ಮಾಡಿದ ಮಿತಿ ಅಲ್ಲ ಅದು.

ನನ್ನ ಸಿಟ್ಟು ಇರೋದು ಪ್ಯಾಕೆಟ್ ಮೇಲೆ. ಬಿಸ್ಕತ್ತಿನ ಪೊಟ್ಟಣದ ಹಿಂದೆ ಉಪ್ಪು, ಎಣ್ಣೆ ಎಲ್ಲ ಬರೆದಿರುತ್ತೆ. ಪ್ಯಾಡ್ ಮೇಲೆ ರೆಕ್ಕೆ, ಹೂವು, ‘ಅಲ್ಟ್ರಾ’. ಅಮೆರಿಕದ ನ್ಯೂಯಾರ್ಕ್ ರಾಜ್ಯ 2019ರಲ್ಲೇ ಒಳಗೇನಿದೆ ಅಂತ ಪ್ಯಾಕೆಟ್ ಮೇಲೆ ಪಟ್ಟಿ ಹಾಕಬೇಕು ಅಂತ ಕಾನೂನು ಮಾಡ್ತು. ವರ್ಮಾಂಟ್ ರಾಜ್ಯ 2024ರಲ್ಲಿ ಇನ್ನೂ ಮುಂದೆ ಹೋಗಿ, ಮುಟ್ಟಿನ ಸಾಮಗ್ರಿಗಳಿಗೆ ಥ್ಯಾಲೇಟ್, ಫಾರ್ಮಾಲ್ಡಿಹೈಡ್, ಪಿಫಾಸ್ (ಪಿಎಫ್‌ಎಎಸ್) ಅನ್ನೋ ರಾಸಾಯನಿಕಗಳನ್ನ ಬೆರೆಸೋದನ್ನೇ ನಿಷೇಧಿಸೋ ಕಾನೂನು ತಂತು. ನಮಗೆ ಮೊದಲು ಆ ಪಟ್ಟಿಯಾದ್ರೂ ಬೇಕು.

ಮೂರನೇ ಸದಸ್ಯೆ: ಅಕ್ಕಾ, ಹಾಗಾದ್ರೆ ಹಳೇ ಸೀರೆ ಬಟ್ಟೆಗೇ ವಾಪಸ್ ಹೋಗೋದಾ? ನಮ್ಮತ್ತೆ ಅದನ್ನೇ ಹೇಳ್ತಿದಾರೆ.

ಉತ್ತರ: ಚೆನ್ನಾಗಿ ಒಗೆದು ಬಿಸಿಲಲ್ಲಿ ಹರವೋಕೆ ಜಾಗ ಇದ್ರೆ ಅತ್ತೆ ಹೇಳೋದು ಸರೀನೇ. ಯಾರಿಗೂ ಕಾಣಬಾರದು ಅಂತ ಲಂಗದ ಅಡಿ ಮುಚ್ಚಿ, ಬಚ್ಚಲಲ್ಲೇ ಒಣಗಿಸೋದಾದ್ರೆ ಖಂಡಿತ ಬೇಡ, ಅದರ ಸೋಂಕು ಥ್ಯಾಲೇಟ್‌ಗಿಂತ ಬೇಗ ಕಾಡುತ್ತೆ. ಪ್ಯಾಡೇ ಆದ್ರೆ ಸೆಂಟ್ ಇಲ್ಲದ್ದು ತನ್ನಿ, ಇವತ್ತೇ ಮಾಡಬಹುದಾದ ಕೆಲಸ ಅದೊಂದು. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಿ. ತುರಿಕೆ, ಗುಳ್ಳೆ ಬಂದ್ರೆ ಬೇರೆ ಬ್ರ್ಯಾಂಡ್ ನೋಡಿ. ಮತ್ತೆ ಬಂದ್ರೆ ಡಾಕ್ಟರಿಗೆ ತೋರಿಸಿ, ನನಗೆ ಫೋಟೋ ಕಳಿಸಬೇಡಿ!

ಪ್ಯಾಕೆಟ್ ಹಿಂದೆ ಕಂಪನಿಯ ಗ್ರಾಹಕ ಸೇವೆಯ ಇಮೇಲ್ ಇರುತ್ತೆ. ‘ಥ್ಯಾಲೇಟ್ ಪರೀಕ್ಷೆ ಮಾಡಿಸಿದ್ದೀರಾ, ವರದಿ ಕೊಡಿ’ ಅಂತ ಎರಡು ಸಾಲು ಬರೀರಿ. ಏನು ಉತ್ತರ ಬಂತು ಅಂತ ಇಲ್ಲೇ ಹಾಕಿ, ವರದಿ ಬಂದ್ರೆ ನಾನು ಓದಿ ಹೇಳ್ತೀನಿ.