ಟ್ಯಾಬ್‌ನಲ್ಲಿ ಚಿತ್ರ ಓಡುತ್ತೆ, ದನಿ ಬರಲ್ಲ: ಯಾವ ಪ್ಲೇಯರ್ ಹಾಕಲಿ?

ಕೇಳಿದವರು: ಅಪ್ಪನಿಗೆ 10 ಇಂಚಿನ ಆಂಡ್ರಾಯ್ಡ್ ಟ್ಯಾಬ್ ತಂದಿದ್ದೇನೆ. ಹಾರ್ಡ್ ಡಿಸ್ಕ್‌ನಲ್ಲಿ ಎಂಕೆವಿ, ಎವಿಐ, ಹಳೇ ಡಿವಿಡಿಯ ವಿಒಬಿ ಹೀಗೆ ಎಲ್ಲ ಬಗೆಯ ವಿಡಿಯೋ ಫೈಲ್ ಇವೆ. ಕೆಲವಕ್ಕೆ ದನಿ ಇಲ್ಲ, ಕನ್ನಡ ಸಬ್‌ಟೈಟಲ್ ಬರೀ ಚೌಕ. ಎಲ್ಲಕ್ಕೂ ಆಗುವ ಒಂದೇ ಆಪ್ ಹೇಳಿ.

ಮಲೆನಾಡಿಗ: ವಿಎಲ್‌ಸಿ. ದುಡ್ಡಿಲ್ಲ, ಜಾಹೀರಾತಿಲ್ಲ. ಡಿಟಿಎಸ್, ಎಸಿ3 ಅನ್ನೋ ಸಿನಿಮಾ ದನಿಯ ಬಗೆಗಳನ್ನು ಬಿಡಿಸುವ ಕೋಡೆಕ್ ಒಳಗೇ ಇವೆ, ಬೇರೆ ಫೈಲ್ ಹುಡುಕಬೇಕಿಲ್ಲ. ಚಿತ್ರದಲ್ಲಿ ಹಸಿರು ಕಲೆ ಬಂದರೆ ಸೆಟ್ಟಿಂಗ್ಸ್, ವಿಡಿಯೋ, ಹಾರ್ಡ್‌ವೇರ್ ಆಕ್ಸಿಲರೇಷನ್‌ಗೆ (ವಿಡಿಯೋ ಬಿಡಿಸುವ ಕೆಲಸ ಚಿಪ್‌ನ ವಿಶೇಷ ಭಾಗಕ್ಕೆ ಕೊಡುವುದು) ಹೋಗಿ ಆಫ್ ಮಾಡಿ. ಬ್ಯಾಟರಿ ಬೇಗ ಇಳಿಯುತ್ತೆ, ಟ್ಯಾಬ್ ಬಿಸಿಯಾಗುತ್ತೆ, ಆದರೆ ಚಿತ್ರ ಸರಿಹೋಗುತ್ತೆ. ವೈಫೈ ಮೇಲೆ ಕಂಪ್ಯೂಟರಿನ ಷೇರ್ಡ್ ಫೋಲ್ಡರನ್ನೂ ಇದೇ ತೆರೆಯುತ್ತೆ. ಇಷ್ಟು ಸಿಕ್ಕಮೇಲೆ ಬೇರೆ ಆಪ್ ಯಾಕೆ?

ಹುಬ್ಬಳ್ಳಿ ಮಂದಿ: ಎಂಎಕ್ಸ್ ಪ್ಲೇಯರ್ ಹಾಕ್ರಿ. ಬೆರಳು ಸರಿಸಿ ದನಿ, ಬೆಳಕು ಏರಿಸೂದು ಅದರಾಗ ಇದ್ದಷ್ಟು ಸಲೀಸು ಬೇರೆದರಾಗ ಇಲ್ಲ. ಪರವಾನಗಿ ಕಾರಣಕ್ಕ ಡಿಟಿಎಸ್, ಎಸಿ3 ತೆಗೆದಾರ, ಖರೆ. ಅದಕ್ಕ ಸೆಟ್ಟಿಂಗ್ಸ್, ಡಿಕೋಡರ್, ಕಡೀಗೆ ಕಸ್ಟಮ್ ಕೋಡೆಕ್ ನೋಡ್ರಿ. ಯಾವ ಹೆಸರಿನ ಕೋಡೆಕ್ ಬೇಕು ಅಂತ ಅಲ್ಲೇ ಬರದಿರ್ತದ, ಹೊಸ ಟ್ಯಾಬಿಗೆ ಹೆಚ್ಚಾಗಿ ಎಆರ್‌ಎಂವಿ8 ನಿಯಾನ್. ಅದೇ ಫೈಲ್ ಇಳಿಸಿ ತೋರಸ್ರಿ, ಆಪ್ ಮತ್ತ ಶುರು ಆಗ್ತದ, ದನಿ ಬರ್ತದ. ಆಟೋ ಅಪ್‌ಡೇಟ್ ಬಂದ್ ಇಡ್ರಿ, ಆವೃತ್ತಿ ಬದಲಾದ್ರ ಕೋಡೆಕ್ ಹೊಂದೂದಿಲ್ಲ.

ಮಲೆನಾಡಿಗ: ಪ್ರತಿ ಸಲ ಇಷ್ಟೆಲ್ಲ ಅಪ್ಪನ ಕೈಲಿ ಮಾಡಿಸ್ತೀರಾ?

ಹುಬ್ಬಳ್ಳಿ ಮಂದಿ: ಒಮ್ಮೆ ಮಾಡಿದ್ರ ಮುಗೀತು ಅಂದೆ. ಓದಿ ಮಾತಾಡ್ರಿ.

10 ಬಿಟ್: ಇಬ್ಬರೂ ಮುಖ್ಯ ವಿಷಯ ಬಿಟ್ಟಿರಿ. ಎಂಕೆವಿ ಅನ್ನೋದು ಬರೀ ಡಬ್ಬಿ, ಒಳಗಿರೋದನ್ನು ನೋಡಬೇಕು. ವಿಡಿಯೋ ಕುಗ್ಗಿಸುವ ಬಗೆಗಳಲ್ಲಿ ಎಚ್.265ರ 10 ಬಿಟ್ (ಬಣ್ಣದ ಮಟ್ಟ ಹೆಚ್ಚಿರೋದು) ಈಗಿನ ಬಹುಪಾಲು ಚಿಪ್‌ಗಳಲ್ಲಿ ಹಾರ್ಡ್‌ವೇರಲ್ಲೇ ಓಡುತ್ತೆ. ಎಚ್.264ರ 10 ಬಿಟ್ ಬಹುತೇಕ ಟ್ಯಾಬ್‌ಗಳಲ್ಲಿ ಹಾಗೆ ಓಡಲ್ಲ, ಎಲ್ಲ ಭಾರ ಸಿಪಿಯು ಮೇಲೆ. 1080ಪಿ ಆದರೆ ಅಗ್ಗದ ಟ್ಯಾಬ್ ಜರ್ಕ್ ಹೊಡೆಯುತ್ತೆ, ಆಗ ಎಂಪಿವಿ ಅನ್ನೋ ಪ್ಲೇಯರ್ ಹಾಕಿ ನೋಡಿ, ಇಲ್ಲದಿದ್ದರೆ ಕಂಪ್ಯೂಟರಲ್ಲಿ 8 ಬಿಟ್‌ಗೆ ಇಳಿಸಿ. ದನಿಗಾಗಿ ಪೂರ್ತಿ ಕನ್ವರ್ಟ್ ಮಾಡೋದು ಶುದ್ಧ ವ್ಯರ್ಥ! ವಿಡಿಯೋ ಕಾಪಿ ಇಟ್ಟು ಆಡಿಯೋ ಮಾತ್ರ ಎಎಸಿ ಅನ್ನೋ ಬಗೆಗೆ ಬದಲಿಸಿದರೆ ಗಂಟೆಯ ಕೆಲಸ ನಿಮಿಷಗಳಲ್ಲಿ ಮುಗಿಯುತ್ತೆ.

ಸಬ್‌ಟೈಟಲ್ ಮಾಡುವವಳು: ಚೌಕದ ಮಾತು ಯಾರೂ ಎತ್ತಲಿಲ್ಲ. ಚೌಕ ಬಂದರೆ ಫಾಂಟ್‌ನಲ್ಲಿ ಕನ್ನಡ ಇಲ್ಲ: ನೋಟೋ ಸ್ಯಾನ್ಸ್ ಕನ್ನಡ ಫಾಂಟ್‌ನ ಟಿಟಿಎಫ್ ಫೈಲ್ ಒಂದು ಫೋಲ್ಡರ್‌ಗೆ ಹಾಕಿ, ಎಂಎಕ್ಸ್‌ನ ಸಬ್‌ಟೈಟಲ್ ಸೆಟ್ಟಿಂಗ್ಸ್‌ನಲ್ಲಿ ಆ ಫೋಲ್ಡರ್ ಆರಿಸಿ. ಚೌಕದ ಬದಲು ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಬಂದರೆ ಅದು ನುಡಿ ತಂತ್ರಾಂಶದ ಹಳೇ ಆಸ್ಕಿ ಬರಹ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ್ದು) ಇರಬಹುದು. ಯಾವ ಪ್ಲೇಯರೂ ಅದನ್ನು ತಾನಾಗಿ ಸರಿಮಾಡಲ್ಲ. ಯೂನಿಕೋಡ್‌ಗೆ ಬದಲಿಸಿ, ಯುಟಿಎಫ್-8ನಲ್ಲಿ ಉಳಿಸಿ, ಎಸ್‌ಆರ್‌ಟಿ (ಸಬ್‌ಟೈಟಲ್ ಫೈಲ್) ಹೆಸರು ವಿಡಿಯೋ ಹೆಸರೇ ಇರಲಿ. "ಸ್ತ್ರೀ" ಪದ ನೋಡಿಕೊಳ್ಳಿ, ಒತ್ತು ಬಿಡಿಬಿಡಿಯಾಗಿ ಬಿದ್ದರೆ ಆ ಪ್ಲೇಯರ್ ಬಿಡಿ.

ಮಲೆನಾಡಿಗ: ಹಾರ್ಡ್ ಡಿಸ್ಕ್ ಟ್ಯಾಬ್‌ಗೆ ನೇರ ಚುಚ್ಚಿದರೆ ಟಿಕ್ ಟಿಕ್ ಅಂತ ನಿಲ್ಲುತ್ತೆ, ಕರೆಂಟ್ ಸಾಲಲ್ಲ. ಕರೆಂಟ್ ಇರುವ ಯುಎಸ್‌ಬಿ ಹಬ್ ಬೇಕು.

ಹುಬ್ಬಳ್ಳಿ ಮಂದಿ: ಮೆಮೊರಿ ಕಾರ್ಡ್ ಹಾಕ್ರಿ, ಅಷ್ಟ.

10 ಬಿಟ್: ಕಾರ್ಡ್ ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿ ಮೀರಿದ ಫೈಲ್ ಕಾಪಿಯೇ ಆಗಲ್ಲ, ಸುಮ್ಮನೆ ಹೇಳಬೇಡಿ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, ಮೊದಲು ಟ್ಯಾಬ್ ಓದುತ್ತಾ ನೋಡಿ. ಎನ್‌ಟಿಎಫ್‌ಎಸ್ ಡಿಸ್ಕನ್ನು ಹಲವು ಟ್ಯಾಬ್ ಓದಲ್ಲ.

ಕೇಳಿದವರು: ವಿಎಲ್‌ಸಿ ಹಾಕಿದೆ, ದನಿ ಬಂತು. ವಿಒಬಿ ಮಾತ್ರ ಸುಮಾರು 1 ಜಿಬಿಗೆ ಒಂದರಂತೆ ತುಂಡಾಗಿದೆ, ಅಪ್ಪ ಪ್ರತಿ ತುಂಡಿಗೂ ನನ್ನನ್ನು ಕೂಗ್ತಾರೆ.

ಸಬ್‌ಟೈಟಲ್ ಮಾಡುವವಳು: ಕಂಪ್ಯೂಟರಲ್ಲಿ ಎಂಕೆವಿಟೂಲ್‌ನಿಕ್ಸ್ ಅನ್ನೋ ತಂತ್ರಾಂಶಕ್ಕೆ ಮೊದಲ ಭಾಗ ಹಾಕಿ, ಉಳಿದದ್ದನ್ನು ಅದೇ ಸಾಲಾಗಿ ಹಿಡಿದುಕೊಳ್ಳುತ್ತೆ. ಒಂದೇ ಎಂಕೆವಿ ಆಗುತ್ತೆ, ಗುಣಮಟ್ಟ ಹಾಗೇ ಉಳಿಯುತ್ತೆ.