ಗಾಡಿ ಅಡ್ಡ ಹಾಕಿದಾಗ ಯಾರು ಏನು ಕೇಳಬಹುದು, ನಾವು ಏನು ತೋರಿಸಬೇಕು? (ಮಂಡ್ಯ–ಮೈಸೂರು)

ಬೂದನೂರು ಸರ್ವೀಸ್ ರೋಡ್:

ಮಂಡ್ಯ, ಶ್ರೀರಂಗಪಟ್ಟಣ ಕಡೆಯಿಂದ ಮೈಸೂರಿಗೆ ದಿನಾ ಬೈಕಲ್ಲಿ ಹೋಗಿ ಬರೋರಿಗೆ ಒಂದೇ ಕಡೆ ಸರಿಯಾದ ಉತ್ತರ ಸಿಗಲಿ ಅಂತ ಕೇಳ್ತಿದ್ದೀನಿ. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬರೋ ಮಾತಿಗೆ ತಾಳಮೇಳ ಇಲ್ಲ. ತಪ್ಪು ಮಾಡಿಲ್ಲ ಅಂದ್ರೆ ಪೊಲೀಸರು ನಿಲ್ಲಿಸೋ ಹಾಗೇ ಇಲ್ಲ, ಸೀದಾ ಹೋಗ್ತಾ ಇರಿ ಅಂತ ಒಬ್ಬರು. ಕಾನ್‌ಸ್ಟೆಬಲ್‌ಗೆ ಡಿಎಲ್ ತೋರಿಸಬೇಕಾಗಿಲ್ಲ ಅಂತ ಇನ್ನೊಬ್ಬರು. ಮೊಬೈಲಲ್ಲಿರೋ ಫೋಟೋ ಸಾಕು ಅಂತ ಮತ್ತೊಬ್ಬರು.

ನನಗೆ ಬೇಕಾಗಿರೋದು ಇಷ್ಟು. ಕೈ ಅಡ್ಡ ಹಿಡಿದ್ರೆ ನಿಲ್ಲಿಸಲೇಬೇಕಾ? ದಾಖಲೆ ಕೇಳೋ ಹಕ್ಕು ಯಾರಿಗೆ, ಫೈನ್ ಹಾಕೋ ಹಕ್ಕು ಯಾರಿಗೆ? ಕೀಲಿ ಕಿತ್ಕೊಂಡ್ರೆ ಏನು ಮಾಡ್ಬೇಕು? ಯಾವ ಯಾವ ತಪ್ಪಿಗೆ ಗಾಡಿನ ಸ್ಟೇಷನ್‌ಗೆ ತಗೊಂಡು ಹೋಗಬಹುದು? ಕ್ಯಾಮೆರಾ ನೋಟಿಸ್ ತಪ್ಪಾಗಿ ಬಂದ್ರೆ ದಾರಿ ಏನು? ದಯವಿಟ್ಟು ಸೆಕ್ಷನ್ ನಂಬರ್ ಸಮೇತ ಹೇಳಿ.

ಕಾನೂನು ಕಟ್ಟೆ:

ನಿಲ್ಲಿಸಲೇಬೇಕು. ಇದರಲ್ಲಿ ಎರಡು ಮಾತಿಲ್ಲ. ಸಮವಸ್ತ್ರದಲ್ಲಿರುವ ಪೊಲೀಸ್ ಕಾನೂನುಬದ್ಧವಾಗಿ ಕೊಟ್ಟ ಸೂಚನೆ ಮೀರಿದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 179 ಬೀಳುತ್ತದೆ, ಕಾಯ್ದೆಯಲ್ಲಿ ಅದಕ್ಕೆ 2,000 ರೂಪಾಯಿ. ತಪ್ಪಿಸಿಕೊಳ್ಳಲು ಅಡ್ಡಾದಿಡ್ಡಿ ಓಡಿಸಿದರೆ ಸೆಕ್ಷನ್ 184 ಬೇರೆ.

‘ನಿಲ್ಲಿಸೋ ಹಾಗೇ ಇಲ್ಲ’ ಅನ್ನುವ ಮಾತು ಎಲ್ಲಿಂದ ಬಂತು ಅಂದರೆ, 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ತಪಾಸಣೆಗೆ ಬೈಕ್ ತಡೆದಾಗ ಪುಟ್ಟ ಮಗುವೊಂದು ಬಿದ್ದು ತೀರಿಕೊಂಡಿತು, ಮೂವರು ಎಎಸ್‌ಐಗಳು (ಸಹಾಯಕ ಸಬ್ ಇನ್‌ಸ್ಪೆಕ್ಟರ್‌ಗಳು) ಅಮಾನತಾದರು. ಅದಾದ ಮೇಲೆ ಡಿಜಿಪಿ ಎಂ.ಎ. ಸಲೀಂ ಸುತ್ತೋಲೆ ಹೊರಡಿಸಿದರು. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಬರೀ ದಾಖಲೆ ನೋಡಲು ಗಾಡಿ ನಿಲ್ಲಿಸಬಾರದು, ದಿಢೀರನೆ ಗಾಡಿ ಮುಂದೆ ಹಾರಬಾರದು, ಕೀಲಿ ಕಿತ್ತುಕೊಳ್ಳಬಾರದು, ಓಡಿಹೋದವರನ್ನು ಅಟ್ಟಿಸಿಕೊಂಡು ಹೋಗದೆ ನಂಬರ್ ಬರೆದುಕೊಂಡು ಕಂಟ್ರೋಲ್ ರೂಮಿಗೆ ತಿಳಿಸಬೇಕು ಅಂತ ಅದರಲ್ಲಿದೆ. ಆದರೆ ಆ ಸುತ್ತೋಲೆ ಇಲಾಖೆ ತನ್ನ ಸಿಬ್ಬಂದಿಗೆ ಕೊಟ್ಟ ಆದೇಶ. ಸವಾರನಿಗೆ ನಿಲ್ಲಿಸದೆ ಹೋಗುವ ಪರವಾನಗಿ ಅಲ್ಲ. ಸುಮ್ಮನೆ ತಡೆದರು ಅನ್ನಿಸಿದರೆ ನಿಂತು, ಆಮೇಲೆ ದೂರು ಕೊಡಿ.

ಕೇಳುವ ಹಕ್ಕು, ಫೈನ್ ಹಾಕುವ ಹಕ್ಕು ಎರಡೂ ಬೇರೆ. ಗೊಂದಲವೆಲ್ಲ ಇಲ್ಲೇ. ಸೆಕ್ಷನ್ 130 ಪ್ರಕಾರ ಸಮವಸ್ತ್ರದಲ್ಲಿರುವ ಯಾವ ಪೊಲೀಸ್ ಅಧಿಕಾರಿ ಕೇಳಿದರೂ ಡಿಎಲ್ ತೋರಿಸಬೇಕು, ಕಾನ್‌ಸ್ಟೆಬಲ್ ಆದರೂ ಸರಿ. ಆದರೆ ಸ್ಥಳದಲ್ಲೇ ದಂಡ ಕಟ್ಟಿಸಿಕೊಂಡು ಪ್ರಕರಣ ಮುಗಿಸುವ ಅಧಿಕಾರ ಸೆಕ್ಷನ್ 200ರಲ್ಲಿ ಬರುತ್ತದೆ. ನಮ್ಮ ರಾಜ್ಯದಲ್ಲಿ ಅದು ಎಎಸ್‌ಐ ಮತ್ತು ಅದಕ್ಕಿಂತ ಮೇಲಿನವರಿಗೆ. ಹೆಗಲು ನೋಡಿ: ಎಎಸ್‌ಐಗೆ ಒಂದು ನಕ್ಷತ್ರ, ಎಸ್‌ಐಗೆ ಎರಡು, ಇನ್‌ಸ್ಪೆಕ್ಟರ್‌ಗೆ ಮೂರು. ದುಡ್ಡು ಕೊಟ್ಟ ಮೇಲೆ ಮಿಷಿನ್ ರಸೀದಿ ತಗೊಳ್ಳಿ. ಗಾಡಿ ನಂಬರ್, ಸೆಕ್ಷನ್, ಮೊತ್ತ, ಸಮಯ, ಸ್ಥಳ ಎಲ್ಲ ಅದರಲ್ಲಿರಬೇಕು. ರಸೀದಿ ಇಲ್ಲದ ದುಡ್ಡು ದಂಡ ಅಲ್ಲ.

ಕೀಲಿ ಕೀಳಬಹುದು ಅಂತ ಕಾಯ್ದೆಯ ಯಾವ ಸೆಕ್ಷನ್ನೂ ಹೇಳುವುದಿಲ್ಲ. ಹಾಗಂತ ಕೈ ಹಿಡಿದು ಎಳೆದಾಡಲು ಹೋಗಬೇಡಿ. ಸಮವಸ್ತ್ರದ ಮೇಲೆ ಕೈ ಬಿತ್ತು ಅಂದರೆ ಭಾರತೀಯ ನ್ಯಾಯ ಸಂಹಿತೆಯ 132 ಹಾಕುತ್ತಾರೆ, ಹಳೆಯ ಐಪಿಸಿಯ 353. ಜಾಮೀನು ಅಷ್ಟು ಸುಲಭಕ್ಕಿಲ್ಲ. 500 ರೂಪಾಯಿ ಹೆಲ್ಮೆಟ್ ಕೇಸು ಕ್ರಿಮಿನಲ್ ಕೇಸ್ ಆಗುವುದು ಹೀಗೇ. ಎದೆ ಮೇಲಿನ ನಾಮಫಲಕ, ಜಾಗ, ಸಮಯ ಬರೆದಿಟ್ಟುಕೊಳ್ಳಿ. ಮೈಸೂರು ನಗರದೊಳಗಾದರೆ ಪೊಲೀಸ್ ಕಮಿಷನರ್ ಕಚೇರಿಗೆ, ಮಂಡ್ಯದಲ್ಲಾದರೆ ಎಸ್‌ಪಿ ಕಚೇರಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಿ.

ಗಾಡಿ ವಶಕ್ಕೆ ತೆಗೆದುಕೊಳ್ಳಲು ಸೆಕ್ಷನ್ 207. ಅದರ ಪಟ್ಟಿ ಚಿಕ್ಕದು: ಡಿಎಲ್ ಇಲ್ಲದೆ ಓಡಿಸಿದ್ದು, ವಯಸ್ಸು ತುಂಬದವರು ಓಡಿಸಿದ್ದು, ನೋಂದಣಿ ಇಲ್ಲದ್ದು, ಬಾಡಿಗೆ ಗಾಡಿಗೆ ಪರ್ಮಿಟ್ ಇಲ್ಲದ್ದು. ಹೆಲ್ಮೆಟ್ ಇಲ್ಲ ಅನ್ನುವುದು ಆ ಪಟ್ಟಿಯಲ್ಲಿಲ್ಲ. ಗಾಡಿ ಬಿಟ್ಟು ಡಿಎಲ್ ಇಟ್ಟುಕೊಂಡರೆ ಸೆಕ್ಷನ್ 206ರಂತೆ ತಾತ್ಕಾಲಿಕ ಸ್ವೀಕೃತಿ ಕೊಡಲೇಬೇಕು. ಡಿಎಲ್ ವಾಪಸ್ ಬರುವವರೆಗೆ ಗಾಡಿ ಓಡಿಸಲು ಆ ಚೀಟಿಯೇ ಆಧಾರ, ಮಡಿಸಿ ಜೇಬಿಗೆ ತುರುಕಿ ಕಳೆದುಕೊಳ್ಳಬೇಡಿ.

ನಂಜುಮಳಿಗೆ ಸ್ಕೂಟರ್:

ದಾಖಲೆ ಮನೇಲಿ ಬಿಟ್ಟು ಬಂದಿದ್ರೂ ಚಿಂತೆ ಇಲ್ಲ. ಕೇಂದ್ರ ಮೋಟಾರು ವಾಹನ ನಿಯಮಾವಳಿಯ ನಿಯಮ 139ರಲ್ಲಿ 15 ದಿನ ಟೈಮ್ ಇದೆ, ಅಲ್ಲಿವರೆಗೆ ಫೈನ್ ಹಾಕೋ ಹಾಗಿಲ್ಲ ಅಂತ ವಾದ ಮಾಡಿ.

ಕಾನೂನು ಕಟ್ಟೆ:

ಅರ್ಧ ಸರಿ. ಆ 15 ದಿನ ದಾಖಲೆ ಚಾಲ್ತಿಯಲ್ಲಿದ್ದು ಕೈಯಲ್ಲಿ ಇಲ್ಲದವರಿಗೆ. ಡಿಎಲ್ಲೇ ಮಾಡಿಸದವರಿಗೆ, ಇನ್ಶೂರೆನ್ಸ್ ಮುಗಿದವರಿಗೆ ಅಲ್ಲ. ಹಿಂದಿನ ದಿನ ಇನ್ಶೂರೆನ್ಸ್ ಮುಗಿದು ಈವತ್ತು ಸಂಜೆ ಕಟ್ಟಿದರೆ, ಬೆಳಗ್ಗೆ ಸಿಕ್ಕಿಬಿದ್ದ ಹೊತ್ತಿಗೆ ಇನ್ಶೂರೆನ್ಸ್ ಇರಲಿಲ್ಲ ಅಂತಲೇ ಲೆಕ್ಕ. ಪಾಲಿಸಿಯ ಮೇಲೆ ಶುರುವಾದ ಗಂಟೆಯೂ ಇರುತ್ತದೆ ಸ್ವಾಮಿ.

ಕೆಎ-11 ಪದ್ಮಕ್ಕ:

ಮೊಬೈಲ್ ವಿಚಾರಕ್ಕೆ ಬರ್ತೀನಿ, ಜನ ಸೋಲೋದು ಇಲ್ಲೇ. 2018ರ ನವೆಂಬರ್‌ನ ನಿಯಮ ತಿದ್ದುಪಡಿ ಆದ ಮೇಲೆ ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ತೋರಿಸೋ ಡಿಎಲ್, ಆರ್‌ಸಿ ಅಸಲಿ ಕಾರ್ಡಿಗೆ ಸಮ. ಗ್ಯಾಲರಿಯಲ್ಲಿರೋ ಫೋಟೋ, ಸ್ಕ್ರೀನ್‌ಶಾಟ್, ಯಾರೋ ವಾಟ್ಸ್ಆ್ಯಪ್ ಮಾಡಿದ ಪಿಡಿಎಫ್ ಸಮ ಅಲ್ಲ. ಡಿಜಿಲಾಕರ್ ಒಳಗೂ ಎರಡು ಜಾಗ ಇದೆ. ‘ಇಶ್ಯೂಡ್’ ಅನ್ನೋ ಕಡೆ ಇಲಾಖೆಯಿಂದಲೇ ಬಂದದ್ದು ನಡೆಯುತ್ತೆ. ನೀವೇ ಸ್ಕ್ಯಾನ್ ಮಾಡಿ ಹಾಕಿಟ್ಟದ್ದು ನಡೆಯಲ್ಲ.

ಡಿಜಿಲಾಕರ್‌ಗೆ ಆರ್‌ಸಿ ಎಳೆಯೋಕೆ ಹೋದಾಗ ಸಿಗಲಿಲ್ಲ ಅಂದ್ರೆ ನೂರಕ್ಕೆ ತೊಂಬತ್ತು ಪಾಲು ಹೆಸರಿನ ತಕರಾರು. ಆಧಾರ್‌ನಲ್ಲಿ ‘ಶಿವಣ್ಣ ಕೆ’, ಆರ್‌ಸಿಯಲ್ಲಿ ‘ಕೆ. ಶಿವಣ್ಣ ಬಿನ್ ಕರಿಯಪ್ಪ’ ಅಂತಿದ್ರೆ ಹೊಂದಲ್ಲ. ಹಳೇ ಪುಸ್ತಕದ ಡಿಎಲ್ ಆಗಿದ್ರೆ ಅದು ಸಾರಥಿಗೆ (ಡಿಎಲ್‌ಗಳ ಆನ್‌ಲೈನ್ ದಾಖಲೆಗೆ) ಏರಿರಲ್ಲ. ಆರ್‌ಟಿಒ ಕಚೇರಿಯಲ್ಲಿ ಬ್ಯಾಕ್‌ಲಾಗ್ ಎಂಟ್ರಿ, ಅಂದ್ರೆ ಹಳೇ ದಾಖಲೆ ಕಂಪ್ಯೂಟರ್‌ಗೆ ಏರಿಸೋದು, ಮಾಡಿಸ್ಬೇಕು. ಅಣ್ಣನ ಬೈಕು, ಭಾವನ ಬೈಕು ಓಡಿಸೋರು ಎಂಪರಿವಾಹನ್‌ನಲ್ಲಿ ಮಾಲೀಕರ ಕಡೆಯಿಂದ ಆರ್‌ಸಿ ಹಂಚಿಸಿಕೊಳ್ಳಿ, ಅದಕ್ಕೆ ಆ ಆ್ಯಪ್‌ನಲ್ಲೇ ಅವಕಾಶ ಇದೆ.

ಇನ್ನೊಂದು ಮಾತು, ಅಪ್ಪ ಅಮ್ಮಂದಿರಿಗೆ. ಪಿಯುಸಿ ಮಕ್ಕಳಿಗೆ ಗಾಡಿ ಕೊಟ್ರೆ ಸೆಕ್ಷನ್ 199ಎ: ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಮಗುವಿಗೆ 25 ವರ್ಷ ತುಂಬೋವರೆಗೆ ಡಿಎಲ್ ಇಲ್ಲ. 16 ತುಂಬಿದ್ರೆ ಓಡಿಸಬಹುದಲ್ವಾ ಅನ್ನೋರು ಪೂರ್ತಿ ಓದಿಲ್ಲ. ಅದು ಗೇರ್ ಇಲ್ಲದ, 50 ಸಿಸಿ ಒಳಗಿನ ಗಾಡಿಗೆ, ಅದೂ ಲೈಸೆನ್ಸ್ ಮಾಡಿಸಿಕೊಂಡ ಮೇಲೆ. ಗದ್ದೆಗೆ ಹುಲ್ಲು ಹೊರೋ ಟಿವಿಎಸ್ ಎಕ್ಸ್‌ಎಲ್ 100 ಕೂಡ 99.7 ಸಿಸಿ.

ಗಣಂಗೂರು ಟೋಲ್ ಆಚೆ:

ಕ್ಯಾಮೆರಾ ಭಾಗಕ್ಕೆ ಉತ್ತರ.

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್ ಇಲ್ಲ, ಆದ್ದರಿಂದ ಬೈಕಿನವರು ಅಲ್ಲಿ ಕಂಡರೆ ಅದೇ ಉಲ್ಲಂಘನೆ. ಕಾರಿಗೆ ಮಿತಿ ಗಂಟೆಗೆ 100 ಕಿ.ಮೀ. 2024ರ ಆಗಸ್ಟ್ 1ರಿಂದ 130 ದಾಟಿದವರ ಮೇಲೆ ಬರೀ ದಂಡ ಅಲ್ಲ, ಎಫ್‌ಐಆರ್ ಹಾಕುವ ಕ್ರಮ ಬಂದಿದೆ. ಇದು ರಾಜ್ಯದ ಎಲ್ಲ ರಸ್ತೆಗೂ.

ಕ್ಯಾಮೆರಾ ನೋಟಿಸ್‌ಗೆ ನಿಯಮ 167ಎ ಅನ್ವಯ. ತಪ್ಪು ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು. ತಪ್ಪು ಮತ್ತು ನಂಬರ್ ಪ್ಲೇಟ್ ಎರಡೂ ಕಾಣುವ ಫೋಟೋ, ಉಪಕರಣ ಅಳೆದ ವೇಗ, ದಿನ, ಸಮಯ, ಸ್ಥಳ ಅದರಲ್ಲಿರಬೇಕು. ಕ್ಯಾಮೆರಾ ಇದೆ ಅಂತ ಮೊದಲೇ ಬೋರ್ಡ್ ಇರಬೇಕು. ಉಪಕರಣಕ್ಕೆ ಪ್ರತಿ ವರ್ಷ ನವೀಕರಿಸಿದ ಅನುಮೋದನೆ ಪತ್ರವೂ ಬೇಕು. ದಂಡ ಕಟ್ಟುವ ಮೊದಲು ಫೋಟೋ ದೊಡ್ಡದು ಮಾಡಿ ನೋಡಿ. ತಪ್ಪಾಗುವುದು ಹೆಚ್ಚಾಗಿ ಅಕ್ಷರ ಓದುವಲ್ಲಿ: 8 ಇದ್ದದ್ದು ಬಿ ಆಗುತ್ತದೆ, ಸೊನ್ನೆ ಇದ್ದದ್ದು ಓ ಆಗುತ್ತದೆ. ಪ್ಲೇಟಿನ ಮೇಲೆ ಕೆಸರು, ಬಾಗಿದ ತುದಿ, ಡಿಸೈನ್ ಅಕ್ಷರ ಇದ್ದರೆ ಕೇಳಲೇಬೇಡಿ. ಫೋಟೋದಲ್ಲಿ ಇರುವುದು ಕಪ್ಪು ಪಲ್ಸರ್, ನಿಮ್ಮದು ಬಿಳಿ ಆಕ್ಟಿವಾ ಆದರೆ ಜಗಳವೇ ಬೇಕಿಲ್ಲ. ಆರ್‌ಸಿ ಪ್ರತಿ, ನೋಟಿಸ್, ನಿಮ್ಮ ಗಾಡಿಯ ಮುಂದೆ ಹಿಂದೆ ತೆಗೆದ ಫೋಟೋ ಇಟ್ಟು ನೋಟಿಸ್ ಕೊಟ್ಟ ಠಾಣೆಗೆ ಅರ್ಜಿ ಕೊಡಿ. ಮೈಸೂರು ನಗರದಲ್ಲಿ ದೇವರಾಜ, ಕೆ.ಆರ್., ಎನ್.ಆರ್., ವಿ.ವಿ. ಪುರಂ, ಸಿದ್ಧಾರ್ಥನಗರ ಸಂಚಾರ ಠಾಣೆಗಳಿವೆ, ಯಾವುದರ ಸರಹದ್ದು ಅಂತ ನೋಟಿಸಿನಲ್ಲೇ ನೋಡಿಕೊಳ್ಳಿ. ‘ಮೊದಲು ಕಟ್ಟಿಬಿಡೋಣ, ಆಮೇಲೆ ಕೇಳೋಣ’ ಅಂದರೆ ತಪ್ಪು ಒಪ್ಪಿಕೊಂಡ ಹಾಗೆ.

ಬಾಕಿ ನೋಡಲು ಪರಿವಾಹನ್ ಇ-ಚಲನ್ ತಾಣದಲ್ಲಿ ಗಾಡಿ ನಂಬರ್ ಜೊತೆ ಚಾಸಿ ಅಥವಾ ಎಂಜಿನ್ ನಂಬರಿನ ಕೊನೆಯ 5 ಅಂಕಿ ಬೇಕು. ಕರ್ನಾಟಕ ಒನ್ ಕೇಂದ್ರದಲ್ಲೂ ವಿಚಾರಿಸಿ, ಒಂದು ಕಡೆ ಕಾಣದ್ದು ಇನ್ನೊಂದು ಕಡೆ ಕಾಣಬಹುದು. ‘ಆರ್‌ಟಿಒ ಚಲನ್’ ಅಂತ ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಫೈಲ್ ಬಂದರೆ ಮುಟ್ಟಬೇಡಿ. ಯಾವ ಪೊಲೀಸರೂ ದಂಡ ವಸೂಲಿಗೆ ಆ್ಯಪ್ ಫೈಲ್ ಕಳಿಸುವುದಿಲ್ಲ. ಅದನ್ನು ಹಾಕಿಕೊಂಡರೆ ನಿಮ್ಮ ಒಟಿಪಿ ಕಳ್ಳರ ಕೈಗೆ ಹೋಗುತ್ತದೆ.

ಬೂದನೂರು ಸರ್ವೀಸ್ ರೋಡ್:

ತುಂಬಾ ಥ್ಯಾಂಕ್ಸ್. ಇನ್ನೆರಡು ಉಳೀತು. ಮಾರಿದ ಗಾಡಿ ಮೇಲೆ ಹಳೇ ಮಾಲೀಕರಿಗೇ ನೋಟಿಸ್ ಬರ್ತಿದ್ರೆ? ಮತ್ತೆ, ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಬರುತ್ತೆ ಅಂತ ಕಾಯೋದು ಸರಿನಾ?

ಕೆಎ-11 ಪದ್ಮಕ್ಕ:

ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರಿಗೇ ಬರುತ್ತೆ. ಸ್ಟಾಂಪ್ ಪೇಪರ್ ಮೇಲೆ ಬರೆದುಕೊಂಡು ಗಾಡಿ ಕೊಟ್ಟುಬಿಡೋದು ಸಾಲದು. ಫಾರಂ 29, 30 ಹಾಕ್ಬೇಕು, ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸ್ಬೇಕು. ಬಾಕಿ ದಂಡ ಇದ್ದ ಗಾಡಿಯ ಕೆಲಸವನ್ನ ಆರ್‌ಟಿಒ ತಡೆಹಿಡಿಯೋಕೆ ನಿಯಮ 167ರಲ್ಲಿ ದಾರಿ ಇರೋದ್ರಿಂದ, ಕೊಳ್ಳೋರೂ ಮೊದಲು ಚಲನ್ ನೋಡಿ ಆಮೇಲೆ ಅಡ್ವಾನ್ಸ್ ಕೊಡಿ.

ರಿಯಾಯಿತಿ 2023ರ ಫೆಬ್ರವರಿಯಲ್ಲಿ ಬಂತು, 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ, ಮತ್ತೆ ನವೆಂಬರ್ 21ರಿಂದ ಡಿಸೆಂಬರ್ 12ರವರೆಗೆ ಬಂತು. ಸರ್ಕಾರ ಆದೇಶ ಹೊರಡಿಸಿದಾಗ ಮಾತ್ರ, ಆದೇಶದಲ್ಲಿ ಹೇಳಿದ ಅವಧಿಯ ಹಳೇ ಬಾಕಿಗೆ ಮಾತ್ರ. ನನ್ನ ಕೇಳಿದ್ರೆ ಅದನ್ನ ನಂಬಿಕೊಂಡು ಕೂರೋದು ವ್ಯರ್ಥ. ಕುಡಿದು ಓಡಿಸಿದ ಕೇಸಿಗಂತೂ ಆ ಮಾತೇ ಇಲ್ಲ. 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ದಾಟಿದ್ರೆ ಸೆಕ್ಷನ್ 185, ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು ಅಥವಾ 10,000 ದಂಡ ಅಥವಾ ಎರಡೂ. ಅದನ್ನ ರಸ್ತೆಯಲ್ಲಿ ಕಟ್ಟಿಸಿಕೊಳ್ಳೋಕೆ ಬರಲ್ಲ, ಕೋರ್ಟಿಗೇ ಹೋಗ್ಬೇಕು. ‘ಇಲ್ಲೇ ಮುಗಿಸೋಣ’ ಅಂತ ಯಾರೇ ಅಂದ್ರೂ ಅದು ಬೇರೆ ವ್ಯವಹಾರ.

ನಂಜುಮಳಿಗೆ ಸ್ಕೂಟರ್:

15 ದಿನದ್ದು ತಿದ್ದಿದ್ದಕ್ಕೆ ಥ್ಯಾಂಕ್ಸ್ ಸರ್. ದಸರಾ ಟೈಮಲ್ಲಿ ಅರಮನೆ ಸುತ್ತ ಸಿಗ್ನಲ್ ಹಸಿರಿದ್ರೂ ಪೊಲೀಸರು ಕೈ ತೋರಿಸಿ ನಿಲ್ಲಿಸ್ತಾರಲ್ಲ, ಆಗ ಯಾವುದು ನಡೆಯುತ್ತೆ?

ಕಾನೂನು ಕಟ್ಟೆ:

ಕೈ. ಸಮವಸ್ತ್ರದ ಪೊಲೀಸ್ ನಿಂತು ನಿಯಂತ್ರಿಸುತ್ತಿದ್ದರೆ ಅವರ ಸನ್ನೆ ದೀಪಕ್ಕಿಂತ ಮೇಲು, 2017ರ ಚಾಲನಾ ನಿಯಮಾವಳಿ ಹಾಗೇ ಹೇಳುತ್ತದೆ. ಆ ದಿನಗಳ ಏಕಮುಖ ಸಂಚಾರ ಕಮಿಷನರ್ ಆದೇಶದಿಂದ ಬರುತ್ತದೆ, ಗೂಗಲ್ ನಕ್ಷೆಗೆ ಅದು ಗೊತ್ತಿರುತ್ತದೆ ಅನ್ನುವ ಖಾತ್ರಿ ಇಲ್ಲ. ಹಿಂದೆ ಕೂತವರ ಹೆಲ್ಮೆಟ್ ಪಟ್ಟಿಯೂ ಬಿಗಿದಿರಲಿ, ಸೆಕ್ಷನ್ 129 ‘ಹಾಕಿರಬೇಕು’ ಅಂತಷ್ಟೇ ಅಲ್ಲ, ಭದ್ರವಾಗಿ ಬಿಗಿದಿರಬೇಕು ಅನ್ನುತ್ತದೆ.